ಬೂಷ್ಟಿಗೆ ಬ್ಲೀಚಾ, ವಿನೆಗರಾ, ಸ್ಪಿರಿಟ್ಟಾ, ಬರೀ ಬಿಸಿಲಾ?

ಪುನರ್ವಸು ಮಳೆ ಹಿಡಿದು ಹತ್ತು ದಿನ ಆಗಿರುವುದಿಲ್ಲ, ಬೀರುವಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ ಮುಖಕ್ಕೆ ಬಡಿಯುತ್ತದೆ. ಬೆಲ್ಟಿನ ಮೇಲೆ ಬೂದಿ ಉದುರಿಸಿದ ಹಾಗೆ ಬಿಳಿ. ಮೇ ತಿಂಗಳ ಮದುವೆಗೆ ಹಾಕಿಕೊಂಡು ಹೋದ ಚಪ್ಪಲಿ ಹಸಿರಾಗಿದೆ. ಬಾಗಿಲ ಹಿಂದಿನ ಗೋಡೆಯ ತುಂಬಾ ಕರಿ ಚುಕ್ಕೆ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಕಡೆ ಇದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಬೂಷ್ಟಿಗೆ ಬೇಕಾದಷ್ಟಂತೂ ಇದೆ. ಹಾಗಾಗಿ ಈ ವಿಷಯದಲ್ಲಿ ನಾನು ಓದಿ ಕಲಿತದ್ದಕ್ಕಿಂತ ಸಾಮಾನು ಹಾಳು ಮಾಡಿಕೊಂಡು ಕಲಿತದ್ದೇ ಜಾಸ್ತಿ.

ಎಲ್ಲರೂ ಕೇಳುವುದು ಒಂದೇ: "ಬೂಷ್ಟಿಗೆ ಏನು ಹಾಕಬೇಕು?" ಹೀಗೆ ಕೇಳಿದರೆ ಉತ್ತರ ಇಲ್ಲ. ಟೈಲ್ಸಿಗೆ ಸರಿಹೋದದ್ದು ತೇಗಕ್ಕೆ ಸರಿಹೋಗುವುದಿಲ್ಲ, ಬಿಳಿ ಪಂಚೆಗೆ ಹಾಕಿದ್ದನ್ನು ರೇಷ್ಮೆ ಸೀರೆಗೆ ಹಾಕಿದರೆ ಸೀರೆಯೇ ಉಳಿಯುವುದಿಲ್ಲ. ಮೊದಲು ನೋಡಬೇಕಾದದ್ದು ಆ ವಸ್ತು ನೀರು ಕುಡಿಯುತ್ತದಾ ಇಲ್ಲವಾ ಅಂತ. ಗಾಜು, ಟೈಲ್ಸು, ಸ್ಟೀಲು, ಗಟ್ಟಿ ಪ್ಲಾಸ್ಟಿಕ್ಕು ಕುಡಿಯುವುದಿಲ್ಲ. ಇವುಗಳ ಮೇಲೆ ಬೂಷ್ಟು ಸುಮ್ನೆ ಕೂತಿರುತ್ತದೆ, ಮೇಲಿನ ಧೂಳು, ಸೋಪಿನ ಜಿಡ್ಡು ತಿಂದುಕೊಂಡು. ಮರ, ಪ್ಲೈವುಡ್, ಗಾರೆ, ಕಾಗದ, ಚರ್ಮ, ಬಟ್ಟೆ ಇವೆಲ್ಲ ಕುಡಿಯುತ್ತವೆ. ಇಲ್ಲಿ ಬೂಷ್ಟಿನ ಎಳೆ ಒಳಗೂ ಇಳಿದಿರುತ್ತದೆ, ಗಾರೆಯೊಂದನ್ನು ಬಿಟ್ಟರೆ ಉಳಿದ ವಸ್ತುಗಳೇ ಅದಕ್ಕೆ ಊಟ. ಕುಡಿಯುವ ವಸ್ತುವಿಗೆ ನೀರಾದ ಔಷಧಿ ಸುರಿದು ಒಣಗಿಸದೆ ಬಿಟ್ಟರೆ ಬೂಷ್ಟಿಗೆ ನೀವೇ ನೀರು ಕೊಟ್ಟ ಹಾಗೆ.

ಮೊದಲು ಬೂಷ್ಟೇ ಹೌದಾ ನೋಡಿ

ಗೋಡೆಯಲ್ಲಿ ಬಿಳಿ ಕಂಡ ಕೂಡಲೇ ಬೂಷ್ಟು ಅನ್ನಬೇಡಿ. ಇಟ್ಟಿಗೆ, ಸಿಮೆಂಟಿನ ಒಳಗಿನ ಉಪ್ಪು ನೀರಿನ ಜೊತೆ ಹೊರಗೆ ಬಂದು ಬಿಳಿ ಹೂವಿನ ಥರ ಕೂರುತ್ತದೆ. ಒಂದು ಹನಿ ನೀರು ಹಾಕಿ. ಕರಗಿದರೆ ಉಪ್ಪು. ಬೂಷ್ಟು ಕರಗುವುದಿಲ್ಲ, ಬೆರಳಾಡಿಸಿದರೆ ಮೆತ್ತಿಕೊಳ್ಳುತ್ತದೆ. ಅಂಗಳದ ಕಲ್ಲಿನ ಮೇಲೆ, ಹೊರಗೋಡೆಯ ಮೇಲೆ ಹಸಿರಾಗಿ ಜಾರುವುದು ಪಾಚಿ. ಪಾಚಿಗೆ ಬೆಳಕು ಬೇಕು, ಬೂಷ್ಟಿಗೆ ಕತ್ತಲೆಯೇ ಸಾಕು.

ಇನ್ನೊಂದು ಪರೀಕ್ಷೆ ಇದೆ, ಖರ್ಚಿಲ್ಲದ್ದು. ಅಡುಗೆಮನೆಯ ಫಾಯಿಲ್ ಒಂದಡಿ ಚೌಕ ಕತ್ತರಿಸಿ ಬೂಷ್ಟು ಹಿಡಿಯುವ ಗೋಡೆಗೆ ನಾಲ್ಕೂ ಕಡೆ ಗಾಳಿಯಾಡದ ಹಾಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಬಿಚ್ಚಿದಾಗ ಗೋಡೆಯ ಕಡೆಯ ಮೈ ಒದ್ದೆಯಾಗಿದ್ದರೆ ನೀರು ಗೋಡೆಯ ಒಳಗಿಂದ ಬರುತ್ತಿದೆ: ಸಜ್ಜೆ ಸೋರುತ್ತಿರಬಹುದು, ಪೈಪು ಒಡೆದಿರಬಹುದು, ಅಡಿಪಾಯದಿಂದ ತೇವ ಮೇಲೇರುತ್ತಿರಬಹುದು. ಕೋಣೆಯ ಕಡೆಯ ಮೈ ಒದ್ದೆಯಾಗಿದ್ದರೆ ಕೋಣೆಯ ಗಾಳಿಯಲ್ಲೇ ತೇವ ಜಾಸ್ತಿ. ಮೊದಲನೆಯದಕ್ಕೆ ಗಾರೆ ಕೆಲಸದವರು ಬೇಕು, ಎರಡನೆಯದಕ್ಕೆ ಗಾಳಿ ಅಥವಾ ಬಿಸಿ ಬೇಕು. ಇದು ಗೊತ್ತಾಗದೆ ಪೇಂಟ್ ಹೊಡೆಸಿದರೆ ದುಡ್ಡು ನೀರಿಗೆ. ನಾವು ಎರಡು ಸಲ ಹೊಡೆಸಿದ್ದೇವೆ.

ಔಷಧಿಗಳಲ್ಲಿ ಯಾವುದು ಎಲ್ಲಿಗೆ

ಬ್ಲೀಚಿನ ಬಗ್ಗೆ ಜನರಿಗೆ ಇರುವ ನಂಬಿಕೆ ದೊಡ್ಡದು, ಕಾರಣ ಕರಿ ಕಣ್ಣೆದುರೇ ಮಾಯವಾಗುತ್ತದೆ. ಟೈಲ್ಸು, ಸಿಂಕು, ಗಾಜಿನ ಮೇಲೆ ಅದು ನಿಜಕ್ಕೂ ಒಳ್ಳೆಯದು. ಆದರೆ ಮನೆಗೆ ತರುವ ಬ್ಲೀಚಿನಲ್ಲಿ ಔಷಧಿ ನೂರಕ್ಕೆ ಐದರ ಆಸುಪಾಸು, ಉಳಿದದ್ದು ನೀರು. ಮರಕ್ಕೋ ಗಾರೆಗೋ ಹಾಕಿದರೆ ಔಷಧಿಯ ಕೆಲಸ ಮೇಲ್ಮೈಯಲ್ಲೇ ಮುಗಿದುಹೋಗುತ್ತದೆ, ನೀರು ಮಾತ್ರ ಒಳಗಿಳಿಯುತ್ತದೆ. ಬಣ್ಣ ಹೋಯಿತು, ಎಳೆ ಉಳಿಯಿತು, ಮೇಲಿಂದ ನೀರೂ ಸಿಕ್ಕಿತು. ಹದಿನೈದು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಕರಿ. ಅಮೆರಿಕದ ಪರಿಸರ ಸಂಸ್ಥೆಯೂ ಬೂಷ್ಟು ತೆಗೆಯಲು ಬ್ಲೀಚನ್ನು ಮಾಮೂಲಿಯಾಗಿ ಬಳಸಿ ಅಂತ ಹೇಳುವುದಿಲ್ಲ. ಹಾಕಲೇಬೇಕಾದರೆ ನಾಲ್ಕು ಲೀಟರ್ ನೀರಿಗೆ ಕಾಲು ಲೀಟರ್ ಸಾಕು, ಅದಕ್ಕಿಂತ ಗಟ್ಟಿ ಬೇಡ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬ್ಲೀಚಿನ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್, ವಿನೆಗರ್, ಅಮೋನಿಯಾ ಇರುವ ಯಾವುದನ್ನೂ ಸೇರಿಸಬೇಡಿ. ಆಸಿಡ್ ಸೇರಿದರೆ ಕ್ಲೋರಿನ್ ಗಾಳಿ ಎದ್ದುಬರುತ್ತದೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. "ಎರಡೂ ಹಾಕಿದರೆ ಡಬಲ್ ಪವರ್" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬ್ಲೀಚಿಂಗ್ ಪೌಡರ್ ಅಂಗಳಕ್ಕೆ, ಮೆಟ್ಟಿಲಿಗೆ, ಪಾಚಿಗೆ. ಮನೆಯೊಳಗೆ ಬೇಡ. ಕಬ್ಬಿಣ ತಿನ್ನುತ್ತದೆ, ಮತ್ತೆ ಒಡೆದಿಟ್ಟ ಪ್ಯಾಕೆಟ್ಟು ಮಳೆಗಾಲದಲ್ಲಿ ಬೇಗ ಶಕ್ತಿ ಕಳೆದುಕೊಳ್ಳುತ್ತದೆ.

ವಿನೆಗರಿನಲ್ಲಿರುವುದು ನೂರಕ್ಕೆ ನಾಲ್ಕೈದು ಭಾಗ ಅಸಿಟಿಕ್ ಆಸಿಡ್. ನೀರು ಬೆರೆಸದೆ ಸಿಂಪಡಿಸಿ ಒಂದು ಗಂಟೆ ಬಿಟ್ಟು ಒರೆಸಬೇಕು. ಕೆಲವು ಜಾತಿಯ ಬೂಷ್ಟು ಸಾಯುತ್ತದೆ, ಕೆಲವು ಜಗ್ಗುವುದಿಲ್ಲ. ಬ್ಲೀಚಿನಷ್ಟು ಘಾಟಿಲ್ಲ, ಬಣ್ಣ ಹಾಳಾಗುವುದು ಕಡಿಮೆ, ಹಾಗಾಗಿ ಫ್ರಿಜ್ಜಿನ ರಬ್ಬರು, ವಾಷಿಂಗ್ ಮೆಷಿನ್ನಿನ ಬಾಯಿ ಇಂಥ ಕಡೆ ನನಗೆ ಇದೇ ಇಷ್ಟ. ಆದರೆ ಇದು ಆಸಿಡ್ ಅನ್ನುವುದು ಮರೆಯಬಾರದು. ಕಡಪ ಕಲ್ಲು, ಮಾರ್ಬಲ್ಲು, ಮೊಸಾಯಿಕ್ಕು ಇವುಗಳಲ್ಲಿ ಸುಣ್ಣದ ಅಂಶ ಇದೆ, ವಿನೆಗರ್ ಬಿದ್ದ ಜಾಗ ಹೊಳಪು ಕಳೆದುಕೊಂಡು ಮಂಕಾಗುತ್ತದೆ. ಹಳೇ ಮನೆಗಳ ಕೆಂಪು ಆಕ್ಸೈಡ್ ನೆಲ ಅಂದ್ರೆ ಸಿಮೆಂಟೇ, ಅದಕ್ಕೂ ಬೇಡ. ಅಜ್ಜಿ ಮೂವತ್ತು ವರ್ಷ ಒರೆಸಿ ಒರೆಸಿ ಕನ್ನಡಿ ಮಾಡಿದ್ದ ಜಗಲಿಯಲ್ಲಿ ನಾನು ಮಾಡಿದ ಒಂದು ತಟ್ಟೆಯಷ್ಟು ಮಂಕು ಕಲೆ ಈಗಲೂ ಇದೆ. ಅದರ ಮೇಲೆ ಸ್ಟೂಲ್ ಇಟ್ಟಿದ್ದೇವೆ.

ಸ್ಪಿರಿಟ್, ಅಂದ್ರೆ ಮೆಡಿಕಲ್ ಶಾಪಿನಲ್ಲಿ ಸಿಗುವ ನೂರಕ್ಕೆ 70ರ ಆಲ್ಕೋಹಾಲು, ನೀರು ಕುಡಿಯುವ ಸಣ್ಣ ವಸ್ತುಗಳಿಗೆ ನನ್ನ ಮೊದಲ ಆಯ್ಕೆ. ಬೇಗ ಆರುತ್ತದೆ, ತೇವ ಬಿಟ್ಟು ಹೋಗುವುದಿಲ್ಲ. ಚರ್ಮ, ಪುಸ್ತಕದ ರಟ್ಟು, ಕನ್ನಡಕದ ಪೆಟ್ಟಿಗೆ, ಬ್ಯಾಟರಿ ತೆಗೆದ ರಿಮೋಟು. ಜಾಸ್ತಿ ಗಟ್ಟಿ ಇದ್ದರೆ ಜಾಸ್ತಿ ಕೆಲಸ ಅಂದುಕೊಳ್ಳಬೇಡಿ, 99ರದ್ದು ಬೂಷ್ಟನ್ನು ಕೊಲ್ಲುವ ಮೊದಲೇ ಹಾರಿಹೋಗುತ್ತದೆ. ಒಲೆ, ದೀಪದ ಹತ್ತಿರ ತರಬೇಡಿ. ಗೋಡೆಗೆಲ್ಲ ಸಿಂಪಡಿಸುವ ಸಾಹಸವೂ ಬೇಡ, ಕೋಣೆ ತುಂಬಾ ಬೆಂಕಿ ಹತ್ತುವ ಆವಿ ತುಂಬುತ್ತದೆ.

ಹೈಡ್ರೋಜನ್ ಪೆರಾಕ್ಸೈಡ್ ಇವುಗಳ ನಡುವಿನದು. ಕೆಲಸ ಮುಗಿದ ಮೇಲೆ ನೀರು ಮತ್ತು ಆಮ್ಲಜನಕವಾಗಿ ಹೋಗುತ್ತದೆ, ವಾಸನೆ ಇಲ್ಲ. ಬಾಟಲಿಯ ಮೇಲೆ ಎಷ್ಟು ಪರ್ಸೆಂಟ್ ಅಂತ ನೋಡಿ, 6ರದ್ದಾದರೆ ಅಷ್ಟೇ ನೀರು ಬೆರೆಸಿ 3ಕ್ಕೆ ಇಳಿಸಿಕೊಳ್ಳಿ. ಬಣ್ಣದ ಬಟ್ಟೆಗೆ ಬೇಡ.

ಬೇಕಿಂಗ್ ಸೋಡಾ ವಾಸನೆ ಎಳೆಯುತ್ತದೆ, ಅಷ್ಟೇ. ವಿನೆಗರ್ ಮತ್ತು ಸೋಡಾ ಸೇರಿಸಿದರೆ ನೊರೆ ಚೆನ್ನಾಗಿ ಬರುತ್ತದೆ, ಆದರೆ ಒಂದನ್ನೊಂದು ಸಾಯಿಸಿಕೊಂಡು ಉಳಿಯುವುದು ಬಹುಪಾಲು ಉಪ್ಪುನೀರು. ಅರಿಸಿನ ಗೋಡೆಗೆ ಹಚ್ಚಿದವರನ್ನು ನೋಡಿದ್ದೇನೆ, ಬೂಷ್ಟೂ ಇತ್ತು, ಹಳದಿಯೂ ಇತ್ತು.

ಇನ್ನು ಯಾರೂ ಹೇಳದ ಔಷಧಿ ಸೋಪು ನೀರು. ಕುಡಿಯದ ವಸ್ತುವಿಗೆ ಇದೇ ಸಾಕು. ಬೂಷ್ಟು ಸತ್ತರೂ ಅಲ್ಲೇ ಬಿದ್ದಿದ್ದರೆ ಅಲರ್ಜಿ ಇರುವವರಿಗೆ ಸೀನು, ಉಬ್ಬಸ ತಪ್ಪುವುದಿಲ್ಲ. ಹಾಗಾಗಿ ಕೊಲ್ಲುವುದಕ್ಕಿಂತ ತೆಗೆಯುವುದು ಮುಖ್ಯ. ತಿಕ್ಕಿ, ಒರೆಸಿ, ಒಣಗಿಸಿ.

ನಮ್ಮ ಕಡೆಯವರಿಗೆ ಒಂದು ಅಡ್ಡಮಾತು. ಅಡಿಕೆಗೆ ಹೊಡೆದು ಉಳಿದ ಬೋರ್ಡೋವನ್ನು, ಅಂದ್ರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು, ಗೋಡೆಗೆ ಹೊಡೆಯಬಹುದಾ ಅಂತ ದೊಡ್ಡಪ್ಪ ಪ್ರತಿ ವರ್ಷ ಕೇಳುತ್ತಾರೆ. ಮೈಸೂರು ರಾಜ್ಯದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದನ್ನು ಪ್ರಚಾರ ಮಾಡಿ ನೂರು ವರ್ಷ ದಾಟಿತು, ತೋಟದಲ್ಲಿ ಅದರ ಕೆಲಸದ ಬಗ್ಗೆ ಎರಡು ಮಾತಿಲ್ಲ. ಆದರೆ ಮನೆಯೊಳಗೆ ಬೇಡ. ನೀಲಿ ಕಲೆ ಹೋಗುವುದಿಲ್ಲ, ಒಣಗಿದ ಪುಡಿ ಮಕ್ಕಳ ಕೈಗೆ ಹತ್ತುತ್ತದೆ.

ಗೋಡೆ: ಸುಣ್ಣವೋ ಪೇಂಟೋ

ಇದರಲ್ಲಿ ನಾನು ಸುಣ್ಣದ ಪಕ್ಷ. ಹಸಿ ಸುಣ್ಣದ ಖಾರಕ್ಕೆ ಬೂಷ್ಟು ಹತ್ತಿರ ಬರುವುದಿಲ್ಲ, ಆ ಖಾರದ (ಕ್ಷಾರದ) ಅಳತೆ, ಅಂದ್ರೆ ಪಿಎಚ್, 12ರ ಮೇಲಿರುತ್ತದೆ. ಜೊತೆಗೆ ಸುಣ್ಣ ಉಸಿರಾಡುತ್ತದೆ, ಗೋಡೆ ಕುಡಿದ ನೀರು ಬಿಸಿಲು ಬಂದಾಗ ಹೊರಗೆ ಹೋಗುತ್ತದೆ. ಜಂಬಿಟ್ಟಿಗೆಯ ಗೋಡೆಗೆ, ಮಣ್ಣಿನ ಗೋಡೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಅದರ ದೋಷವೂ ಇದೆ. ಗಾಳಿ ತಾಗಿ ತಾಗಿ ಸುಣ್ಣ ಖಾರ ಕಳೆದುಕೊಳ್ಳುತ್ತದೆ, ಹಾಗಾಗಿ ವರ್ಷ ವರ್ಷ ಬಳಿಯಬೇಕು. ಹಬ್ಬಕ್ಕೆ ಸುಣ್ಣ ಬಳಿಯುತ್ತಿದ್ದದ್ದು ಚಂದಕ್ಕೆ ಮಾತ್ರ ಅಂತ ನಾನು ತುಂಬಾ ವರ್ಷ ಅಂದುಕೊಂಡಿದ್ದೆ. ಒರಗಿದರೆ ಅಂಗಿಗೆ ಹತ್ತುತ್ತದೆ ಅನ್ನುವುದು ಇನ್ನೊಂದು ದೂರು. ನಿಜವೇ.

ಪ್ಲಾಸ್ಟಿಕ್ ಎಮಲ್ಷನ್ ಒರೆಸಲು ಸುಲಭ, ಬಣ್ಣ ಬೇಕಾದ್ದು ಸಿಗುತ್ತದೆ. ಒಳಗಿಂದ ನೀರು ಬರದ ಗೋಡೆಗೆ ಧಾರಾಳವಾಗಿ ಹಚ್ಚಿ. ಒಳಗೆ ತೇವ ಇರುವ ಗೋಡೆಗೆ ಹಚ್ಚಿದರೆ ಅದು ರೇನ್‌ಕೋಟ್ ಹಾಕಿಕೊಂಡು ಬೆವರಿದ ಹಾಗೆ: ಗುಳ್ಳೆ ಏಳುತ್ತದೆ, ಹಪ್ಪಳ ಎದ್ದುಬರುತ್ತದೆ, ಹಪ್ಪಳದ ಹಿಂದೆ ಬೂಷ್ಟಿನ ಸಂಸಾರ. ಬೂಷ್ಟು ನಿರೋಧಕ ಪೇಂಟ್ ಅಂತ ಮಾರುವುದರಲ್ಲಿ ಬೂಷ್ಟು ಕೊಲ್ಲುವ ರಾಸಾಯನಿಕ ಇರುವುದು ಹೌದು, ಅಡುಗೆಮನೆಯ ಸೂರಿಗೆ, ಬಚ್ಚಲ ಮೇಲ್ಭಾಗಕ್ಕೆ ಸರಿ. ಆದರೆ ಬೂಷ್ಟಿನ ಮೇಲೇ ಬಳಿದರೆ ಅದೂ ಸುಮ್ನೆ. ಕೆರೆದು, ಸೋಪಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಮಾತ್ರ. ಮಳೆಗಾಲದಲ್ಲಿ ಇದು ಸಾಧ್ಯವೇ ಇಲ್ಲ, ಜನವರಿಯ ತನಕ ಕಾಯಿರಿ.

ಮಳೆ ಬಡಿಯುವ ಕಡೆಯ ಗೋಡೆಗೆ ಹಳಬರು ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗ ತಗಡು ಇಳಿಸುತ್ತಾರೆ. ಎರಡೂ ಒಂದೇ ಕೆಲಸ ಮಾಡುತ್ತವೆ, ಜಡಿ ಗೋಡೆಗೆ ತಾಗದ ಹಾಗೆ ತಡೆಯುತ್ತವೆ. ಯಾವ ಪೇಂಟಿನ ಮೇಲೆ ಖರ್ಚು ಮಾಡುವ ಮೊದಲೂ ಇದಕ್ಕೆ ಖರ್ಚು ಮಾಡಿ.

ಮರ, ಪ್ಲೈವುಡ್, ಪಾರ್ಟಿಕಲ್ ಬೋರ್ಡ್

ತೇಗ, ಹಲಸು, ಹೊನ್ನೆಯಂಥ ಗಟ್ಟಿ ಮರದಲ್ಲಿ ಬೂಷ್ಟು ಬಹುಪಾಲು ಮೇಲಿನ ಧೂಳು, ಕೈಯ ಜಿಡ್ಡಿನ ಮೇಲೆ ಬದುಕುತ್ತದೆ. ಸೋಪು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಬಿಡಿ. ಸ್ಪಿರಿಟ್ ಹಾಕುವ ಮೊದಲು ಪಾಲಿಶ್ ಯಾವುದು ಅಂತ ತಿಳಿದುಕೊಳ್ಳಿ. ಅರಗಿನಿಂದ ಮಾಡಿದ ಹಳೇ ಸ್ಪಿರಿಟ್ ಪಾಲಿಶ್ ಆಗಿದ್ದರೆ ಸ್ಪಿರಿಟ್ಟಿನಲ್ಲೇ ಕರಗಿ ಬಟ್ಟೆಗೆ ಬರುತ್ತದೆ. ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿದರೆ ಗೊತ್ತಾಗುತ್ತದೆ. ಹಸಿ ಅಗಸೆ ಎಣ್ಣೆ ಹಚ್ಚಿದರೆ ಮರ ಚೆನ್ನಾಗಿರುತ್ತದೆ ಅನ್ನುತ್ತಾರೆ, ನಮ್ಮ ಹವೆಯಲ್ಲಿ ಆ ಎಣ್ಣೆಯೇ ಬೂಷ್ಟಿಗೆ ಊಟವಾಗುತ್ತದೆ. ಸೂರಿನ ಪಕಾಸು, ರೀಪಿಗೆ ಕರಾವಳಿಯವರು ಗೇರುಸಿಪ್ಪೆಯ ಎಣ್ಣೆ ಹಚ್ಚುವುದು ಬೇರೆ ವಿಷಯ, ಅದು ನಿಜವಾಗಿ ಮರ ಕಾಯುತ್ತದೆ. ಆದರೆ ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಕುರ್ಚಿ ಮೇಜಿಗೆ ಹಚ್ಚುವಂಥದ್ದಲ್ಲ.

ಪ್ಲೈವುಡ್ಡಿನ ಕಥೆ ಬೇರೆ. ಅಂಗಡಿಯಲ್ಲಿ ಬಿಡಬ್ಲ್ಯುಆರ್, ಬಿಡಬ್ಲ್ಯುಪಿ (ಕುದಿಯುವ ನೀರು ತಡೆಯುವ ದರ್ಜೆಗಳು) ಅಂತ ಹೇಳುತ್ತಾರೆ, ಐಎಸ್ 303, ಐಎಸ್ 710 ಅಂತ ಮುದ್ರೆಯೂ ಇರುತ್ತದೆ. ಐಎಸ್ 710 ಅಂದ್ರೆ ಮೆರೈನ್ ಪ್ಲೈ, ನೀರಲ್ಲಿ ಕುದಿಸಿದರೂ ಪದರ ಬಿಡುವುದಿಲ್ಲ. ಒಳ್ಳೆಯ ಮಾಲೇ. ಆದರೆ ಅದು ಮುಖ್ಯವಾಗಿ ಅಂಟಿನ ಮಾತು. ಪದರ ಬಿಡದ ಪ್ಲೈ ಮೇಲೂ ಬೂಷ್ಟು ಬೆಳೆಯುತ್ತದೆ. ನಮ್ಮ ಮನೆಯ ವಾರ್ಡ್‌ರೋಬನ್ನು ಬಡಗಿ ಮಳೆ ಬಡಿಯುವ ಗೋಡೆಗೆ ಸೇರಿಸಿಯೇ ಕೂರಿಸಿದರು, ಮುಂದಿನ ಮೈಗೆ ಹೊಳೆಯುವ ಲ್ಯಾಮಿನೇಟು, ಹಿಂದಿನ ಮೈಗೆ ಏನೂ ಇಲ್ಲ. ಮೂರನೇ ಮಳೆಗಾಲಕ್ಕೆ ಬಿಚ್ಚಿದಾಗ ಹಿಂದಿನ ಹಲಗೆ ಪೂರ್ತಿ ಕರಿ. ನೀವು ಮಾಡಿಸುವುದಾದರೆ ಎರಡೂ ಮೈಗೆ, ಅಂಚಿಗೂ ಸೇರಿಸಿ ಸೀಲ್ ಮಾಡಿಸಿ, ಗೋಡೆಯಿಂದ ಎರಡು ಇಂಚು ಬಿಡಿ, ಕೆಳಗೆ ಕಾಲು ಇಡಿಸಿ. ಹೊರಗೋಡೆ ಬಿಟ್ಟು ಒಳಗೋಡೆಗೆ ಇಡಿಸಿದರೆ ಅರ್ಧ ತೊಂದರೆ ತಪ್ಪಿತು.

ಮರದ ಪುಡಿ, ನಾರನ್ನು ಅಂಟಿನಲ್ಲಿ ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಮಲೆನಾಡು ಕರಾವಳಿಗೆ ಬೇಡವೇ ಬೇಡ. ಒಂದು ಸಲ ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಬೂಷ್ಟು ಒಳಗೆ ಹೋಗಿದ್ದರೆ ಎಸೆಯುವುದೇ. ನಮ್ಮ ಮನೆಗೆ ಸ್ಟೀಲ್ ಗಾಡ್ರೇಜ್ ಬೀರುವೇ ಒಳ್ಳೆಯದು ಅಂತ ಅತ್ತೆ ಮೊದಲೇ ಹೇಳಿದ್ದರು. ಕೇಳಬೇಕಿತ್ತು.

ಪುಸ್ತಕ

ಅಪ್ಪಯ್ಯನ ಪುಸ್ತಕಗಳಿಂದಲೇ ನನಗೆ ಈ ಹುಚ್ಚು ಹತ್ತಿದ್ದು, ಹಾಗಾಗಿ ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕಾಗದಕ್ಕೆ ಯಾವ ಔಷಧಿಯನ್ನೂ ನೀರಾಗಿ ಹಾಕಬೇಡಿ. ಒಳಪುಟಕ್ಕೆ ಸ್ಪಿರಿಟ್ಟೂ ಬೇಡ, ಕೆಲವು ಶಾಯಿ ಹರಡುತ್ತದೆ, ಕೈಬರಹವಂತೂ ಹೋಯಿತು. ಬೂಷ್ಟು ಹಸಿಯಾಗಿದ್ದಾಗ ಒರೆಸಿದರೆ ನಾರಿನೊಳಗೆ ಮೆತ್ತಿಕೊಳ್ಳುತ್ತದೆ. ಮೊದಲು ಒಣಗಿಸಬೇಕು. ಜುಲೈನಲ್ಲಿ ಬಿಸಿಲು ಎಲ್ಲಿಂದ ತರುವುದು? ಇದಕ್ಕೆ ನಾನು ಕಂಡುಕೊಂಡ ದಾರಿ ಫ್ರೀಜರು. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಫ್ರೀಜರಿನಲ್ಲಿಟ್ಟರೆ ಬೂಷ್ಟು ಸಾಯುವುದಿಲ್ಲ, ಆದರೆ ಬೆಳೆಯುವುದು ನಿಲ್ಲುತ್ತದೆ. ಮಳೆ ಬಿಡುವು ಕೊಡುವ ತನಕ ಕಾಲ ಸಿಗುತ್ತದೆ. ಹೊರಗೆ ತೆಗೆದಾಗ ಚೀಲ ಕೂಡಲೇ ಬಿಚ್ಚಬೇಡಿ, ಕೋಣೆಯ ಬಿಸಿಗೆ ಬರಲಿ, ಇಲ್ಲದಿದ್ದರೆ ತಣ್ಣನೆ ಪುಸ್ತಕದ ಮೇಲೆ ನೀರು ಕೂರುತ್ತದೆ. ಆಮೇಲೆ ನೆರಳಲ್ಲಿ, ಗಾಳಿಯಲ್ಲಿ, ಬೀಸಣಿಗೆ ಥರ ಬಿಡಿಸಿ ನಿಲ್ಲಿಸಿ. ಒಣಗಿದ ಮೇಲೆ ಅಂಗಳದಲ್ಲಿ ನಿಂತು, ಮುಖಕ್ಕೆ ಎನ್95 ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಪೇಂಟಿಂಗ್ ಬ್ರಷ್ಷಿನಲ್ಲಿ ಬೆನ್ನಿಂದ ಹೊರಕ್ಕೆ ಗುಡಿಸಿ. ಹೊರಗಿನ ರಟ್ಟಿಗೆ ಮಾತ್ರ ಸ್ಪಿರಿಟ್ಟು ತಾಗಿಸಿದ ಹತ್ತಿ.

ಕಪಾಟಿನಲ್ಲಿ ತೆರೆದದ್ದು ಒಳ್ಳೆಯದಾ, ಗಾಜಿನ ಬಾಗಿಲಿನದ್ದಾ? ದಿನಾ ತೆಗೆದು ಓದುವ ಪುಸ್ತಕಕ್ಕೆ ತೆರೆದದ್ದು. ಧೂಳು ಕೂರುತ್ತದೆ, ಆದರೆ ಗಾಳಿ ಆಡುತ್ತದೆ. ಬೆಲೆಬಾಳುವ ಹಳೇ ಪುಸ್ತಕಕ್ಕೆ ಗಾಜಿನ ಬಾಗಿಲು, ಆದರೆ ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು ಇಟ್ಟರೆ ಮಾತ್ರ. ಬರೀ ಗಾಜು ಮುಚ್ಚಿದರೆ ತೇವವನ್ನು ಒಳಗೆ ಕೂಡಿಹಾಕಿದ ಹಾಗೆ. ಪುಸ್ತಕಗಳನ್ನು ಒತ್ತೊತ್ತಾಗಿ ತುಂಬಬೇಡಿ, ಪ್ಲಾಸ್ಟಿಕ್ ಬೈಂಡ್ ಹಾಕಬೇಡಿ. ಬೈಂಡಿಂಗಿನ ಮೈದಾ ಅಂಟು ಬೂಷ್ಟಿಗೆ ತುಂಬಾ ಇಷ್ಟ. ಬೈಂಡರುಗಳು ಅಂಟು ಕುದಿಸುವಾಗ ಮೈಲುತುತ್ತ ಹಾಕುತ್ತಿದ್ದದ್ದು ಅದಕ್ಕೇ.

ಬಟ್ಟೆ, ರೇಷ್ಮೆ, ಚರ್ಮ

ಬಿಳಿ ಹತ್ತಿ ಬಟ್ಟೆ ಏನನ್ನು ಬೇಕಾದರೂ ತಡೆಯುತ್ತದೆ: ಬಿಸಿನೀರು, ವಾಷಿಂಗ್ ಸೋಡಾ, ಸ್ವಲ್ಪ ಬ್ಲೀಚು, ಬಿಸಿಲು. ಬಣ್ಣದ ಹತ್ತಿಗೆ ಬ್ಲೀಚ್ ಬಿಟ್ಟು ಉಳಿದದ್ದು. ಕರಿ ಚುಕ್ಕೆ ಬಿದ್ದು ತಿಂಗಳಾಗಿದ್ದರೆ ಏನು ಮಾಡಿದರೂ ಗುರುತು ಉಳಿಯಬಹುದು, ಅದನ್ನು ಒಪ್ಪಿಕೊಂಡು ಮನೆಯಲ್ಲಿ ಉಡಿ. ಮಳೆಗಾಲಕ್ಕೆ ಎತ್ತಿಡುವ ಹತ್ತಿ ಸೀರೆಗೆ ಗಂಜಿ ಹಾಕಬೇಡಿ, ಗಂಜಿ ಅಂದ್ರೆ ಬೂಷ್ಟಿಗೆ ಬಡಿಸಿಟ್ಟ ಎಲೆ. ಒಂದೇ ಸಲ ಉಟ್ಟದ್ದು ಅಂತ ಬೆವರಿನ ಬಟ್ಟೆಯನ್ನು ಒಳಗೆ ಮಡಿಸಿಡುವುದೂ ಹಾಗೇ.

ರೇಷ್ಮೆ, ಉಣ್ಣೆಗೆ ಬ್ಲೀಚ್ ತಾಗಿಸಲೇಬೇಡಿ. ಇವು ಪ್ರೋಟೀನು, ಬ್ಲೀಚಿನಲ್ಲಿ ಕರಗುತ್ತವೆ, ಬಣ್ಣ ಹೋಗುವುದಷ್ಟೇ ಅಲ್ಲ, ನೂಲೇ ಹೋಗುತ್ತದೆ. ರೇಷ್ಮೆ ಸೀರೆಯನ್ನು ನೆರಳಲ್ಲಿ ಹರಡಿ, ಒಣಗಿದ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಕೊಡವಿ, ಕಲೆ ಇದ್ದರೆ ಡ್ರೈಕ್ಲೀನಿಗೆ ಕೊಡಿ. ಇಡುವಾಗ ಅಂಗಡಿಯ ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೇ ಬಿಳಿ ಪಂಚೆಯಲ್ಲಿ ಸುತ್ತಿ. ಮಡಿಕೆ ಬದಲಿಸುತ್ತಿರಿ. ನುಸಿಗುಳಿಗೆ ಇಟ್ಟಿದ್ದೇನಲ್ಲ ಅನ್ನಬೇಡಿ, ಮನೆಯಲ್ಲಿ ನಾಲ್ಕು ಗುಳಿಗೆ ಹಾಕುವ ಕ್ರಮದಲ್ಲಿ ಅದು ಹುಳಕ್ಕೆ ಮದ್ದು, ಬೂಷ್ಟಿಗಲ್ಲ. ಎಳೆ ಮಗುವಿನ ಬಟ್ಟೆಯ ಜೊತೆಯಂತೂ ಇಡಬೇಡಿ, ಕೆಲವು ಮಕ್ಕಳಿಗೆ ಅದರಿಂದ ರಕ್ತದ ತೊಂದರೆಯೇ ಆಗುತ್ತದೆ.

ಚರ್ಮಕ್ಕೆ ಸ್ಪಿರಿಟ್ ತಾಗಿಸಿದ ಬಟ್ಟೆ, ನೆರಳಲ್ಲಿ ಒಣಗಿಸುವುದು, ಆಮೇಲೆ ಪಾಲಿಶ್. ಬೆಂಕಿಯ ಹತ್ತಿರ ಇಟ್ಟರೆ ಸೆಟೆದು ಬಿರುಕು ಬಿಡುತ್ತದೆ. ಶೂ ಒಳಗೆ ನ್ಯೂಸ್ ಪೇಪರ್ ತುರುಕಿ ದಿನಾ ಬದಲಿಸಿ. ರೆಕ್ಸಿನ್ನಿಗೆ ಸೋಪು ನೀರೇ ಸಾಕು.

ಬಚ್ಚಲಲ್ಲಿ ಟೈಲ್ಸಿನ ಸಂದಿಗೆ ಬ್ಲೀಚು, ಹಲ್ಲುಜ್ಜುವ ಹಳೇ ಬ್ರಷ್ಷು. ಸಿಂಕಿನ ಅಂಚಿನ ಸಿಲಿಕಾನ್ ಒಳಗೆ ಕರಿ ಇಳಿದಿದ್ದರೆ ತಿಕ್ಕಿ ಕೈ ನೋಯಿಸಿಕೊಳ್ಳಬೇಡಿ, ಬ್ಲೇಡಿನಲ್ಲಿ ಕೊಯ್ದು ತೆಗೆದು, ಒಣಗಿಸಿ, ಹೊಸದು ಹಾಕಿ.

ಒಣಗಿಸುವುದು: ಒಲೆ, ಬಲ್ಬು, ಪೊಟ್ಟಣ, ಮೆಷಿನ್ನು

ಗಾಳಿಯ ತೇವ ನೂರಕ್ಕೆ 60ರ ಕೆಳಗಿದ್ದರೆ ಬೂಷ್ಟಿಗೆ ಕಷ್ಟ. ನಮ್ಮಲ್ಲಿ ಜುಲೈನಲ್ಲಿ ಹೊರಗೇ 90ರ ಮೇಲಿರುತ್ತದೆ. "ಕಿಟಕಿ ತೆಗೆದಿಡಿ" ಅನ್ನುವ ಸಲಹೆ ಬೆಂಗಳೂರಿನ ಮಧ್ಯಾಹ್ನಕ್ಕೆ ಸರಿ, ಆಗುಂಬೆಯ ಮಳೆಗೆ ಅಲ್ಲ. ತೇವ ಅಳೆಯುವ ಪುಟ್ಟ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೊರಗೊಂದು ಒಳಗೊಂದು ಇಟ್ಟು ನೋಡಿ, ಆಮೇಲೆ ಕಿಟಕಿಯ ವಿಷಯ ತೀರ್ಮಾನಿಸಿ.

ಹಳೇ ಮನೆಗಳಲ್ಲಿ ಅಟ್ಟಕ್ಕೆ ಬೂಷ್ಟು ಬರುತ್ತಿರಲಿಲ್ಲ, ಕೆಳಗೆ ಒಲೆ ಉರಿಯುತ್ತಿತ್ತು. ಲೆಕ್ಕ ನೋಡಿ: 24 ಡಿಗ್ರಿಯಲ್ಲಿ ತೇವ 95 ಇರುವ ಗಾಳಿಯನ್ನು 30 ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರು ತೆಗೆಯದೆಯೂ, ಅದು 67ರ ಹತ್ತಿರ ಇಳಿಯುತ್ತದೆ. ಒಲೆ ಮಾಡುತ್ತಿದ್ದದ್ದು ಇದನ್ನೇ, ಮೇಲಿಂದ ಹೊಗೆ ಬೇರೆ. ಗ್ಯಾಸ್ ಬಂದ ಮೇಲೆ ಮನೆಯಲ್ಲಿ ಬೂಷ್ಟು ಜಾಸ್ತಿಯಾಯಿತು ಅಂತ ಅಮ್ಮ ಹೇಳಿದಾಗ ನಾನು ನಕ್ಕಿದ್ದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಕೆಜಿ ಎಲ್‌ಪಿಜಿ ಉರಿದರೆ ಒಂದೂವರೆ ಕೆಜಿಗೂ ಜಾಸ್ತಿ ನೀರಿನ ಆವಿ ಹುಟ್ಟುತ್ತದೆ, 14.2 ಕೆಜಿಯ ಒಂದು ಸಿಲಿಂಡರಿನಿಂದ ಸುಮಾರು 22 ಲೀಟರ್. ಒಲೆಯ ಮನೆಯಲ್ಲಿ ಹಂಚಿನ ಸಂದಿಯಿಂದ ಎಲ್ಲ ಹೊರಗೆ ಹೋಗುತ್ತಿತ್ತು, ಈಗಿನ ತಾರಸಿ ಅಡುಗೆಮನೆಯಲ್ಲಿ ಎಲ್ಲಿಗೆ ಹೋಗಬೇಕು? ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಅಡುಗೆ ಮುಗಿದ ಮೇಲೂ ಕಾಲು ಗಂಟೆ ಓಡಲಿ.

ಬೀರುವಿನೊಳಗೆ ಬಲ್ಬು ಹಾಕುವುದು ಹಳೇ ಉಪಾಯ, ಈಗಲೂ ನನಗೆ ಅದೇ ಮೆಚ್ಚು. ಆದರೆ ಎಲ್‌ಇಡಿ ಹಾಕಿ "ಏನೂ ಆಗಲಿಲ್ಲ" ಅನ್ನುವವರಿದ್ದಾರೆ. ಬೇಕಾಗಿರುವುದು ಬೆಳಕಲ್ಲ, ಬಿಸಿ. ಹಳೇ ಝೀರೋ ಬಲ್ಬು ಹೆಸರಿಗೆ ಝೀರೋ, ಎಳೆಯುತ್ತಿದ್ದದ್ದು 12ರಿಂದ 15 ವ್ಯಾಟ್, ಅದರ ಬಹುಪಾಲು ಬಿಸಿಯಾಗಿ ಹೋಗುತ್ತಿತ್ತು. ಅಂಥದ್ದು ಸಿಕ್ಕರೆ ಬಟ್ಟೆ, ಕಾಗದ ತಾಗದ ಹಾಗೆ ಜಾಲರಿ ಹಾಕಿ ಕೆಳಗಿನ ಅರೆಯಲ್ಲಿ ಇಡಿ.

ಸಿಲಿಕಾ ಜೆಲ್ ಸಣ್ಣ ಡಬ್ಬಿಗೆ, ಕ್ಯಾಮೆರಾ ಪೆಟ್ಟಿಗೆಗೆ. ಲೆನ್ಸಿನೊಳಗೆ ಬೂಷ್ಟು ಹಿಡಿದರೆ ಗಾಜಿನ ಲೇಪವನ್ನೇ ತಿನ್ನುತ್ತದೆ, ಹಾಗಾಗಿ ಅದನ್ನು ಚರ್ಮದ ಚೀಲದಲ್ಲಿ ಬಿಡಬೇಡಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಬಣ್ಣ ಬದಲಾದ ಜೆಲ್ಲನ್ನು ಬಿಸಿ ಮಾಡಿ ಮತ್ತೆ ಬಳಸಬಹುದು. ಬೀರುವಿನಲ್ಲಿ ನೇತುಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಪೊಟ್ಟಣ ನೀರು ಜಾಸ್ತಿ ಎಳೆಯುತ್ತದೆ, ಆದರೆ ಒಂದೇ ಸಲದ್ದು, ಮತ್ತೆ ತುಂಬಿದ ಪೊಟ್ಟಣ ಒಡೆದು ರೇಷ್ಮೆಯ ಮೇಲೆ ಚೆಲ್ಲಿದರೆ ಬೂಷ್ಟೇ ವಾಸಿಯಿತ್ತು ಅನ್ನಿಸುತ್ತದೆ. ಅಕ್ಕಿ, ಇದ್ದಿಲು, ಕಲ್ಲುಪ್ಪು ಇಟ್ಟು ಬೀರು ಒಣಗಿಸುವ ಯೋಚನೆ ಬಿಡಿ.

ಡಿಹ್ಯುಮಿಡಿಫೈಯರ್, ಅಂದ್ರೆ ಗಾಳಿಯ ತೇವ ಎಳೆಯುವ ಮೆಷಿನ್ನು, ನಿಜಕ್ಕೂ ಕೆಲಸ ಮಾಡುತ್ತದೆ, ಕಂಪ್ರೆಸರ್ ಇರುವುದಾದರೆ. ಪುಟ್ಟ ಅಗ್ಗದ ಮೆಷಿನ್ನುಗಳು ದಿನಕ್ಕೆ ಒಂದೆರಡು ಲೋಟ ನೀರು ಹಿಡಿದರೆ ಹೆಚ್ಚು. ದೊಡ್ಡದು ಹತ್ತು ಸಾವಿರ ದಾಟುತ್ತದೆ, ಕೋಣೆಯ ಬಾಗಿಲು ಕಿಟಕಿ ಮುಚ್ಚಿರಬೇಕು, ಕರೆಂಟೂ ಇರಬೇಕು. ಮಂಗಳೂರಿನ ಫ್ಲಾಟಿಗೆ ತೆಗೆದುಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಎಸಿ ಇದ್ದರೆ ಮೊದಲು ಅದರ ಡ್ರೈ ಮೋಡ್ ಹಾಕಿ ನೋಡಿ. ಆದರೆ ಮರ ಬಿದ್ದು ನಾಲ್ಕು ದಿನ ಲೈನು ಬರದ ನಮ್ಮಂಥ ಊರಿಗೆ ಹಂಚಿನ ಮನೆಯಲ್ಲಿ ಅದನ್ನಿಟ್ಟರೆ ಮೇಲೆ ಬಟ್ಟೆ ಒಣಹಾಕಬಹುದು, ಅಷ್ಟೇ.

ಬಿಡುವುದು, ಎಸೆಯುವುದು

ಬೂಷ್ಟು ಮೂರಡಿ ಚೌಕದಷ್ಟು ಜಾಗದೊಳಗಿದ್ದರೆ ನೀವೇ ತೆಗೆಯಬಹುದು. ಅದಕ್ಕಿಂತ ಜಾಸ್ತಿ ಹರಡಿದ್ದರೆ, ಮನೆಯಲ್ಲಿ ಉಬ್ಬಸದವರೋ ಎಳೆಮಕ್ಕಳೋ ಇದ್ದರೆ, ಕೆಲಸದವರನ್ನು ಕರೆಸಿ, ನೀರು ಬರುವ ಮೂಲವನ್ನೂ ಅವರಿಂದಲೇ ಹುಡುಕಿಸಿ. ನೆನೆದ ವಸ್ತುವನ್ನು ಒಂದೆರಡು ದಿನದೊಳಗೆ ಒಣಗಿಸಿಬಿಟ್ಟರೆ ಬಹುಪಾಲು ಬೂಷ್ಟು ಬರುವುದಿಲ್ಲ, ಮೂರನೇ ದಿನದಿಂದ ಅದರ ಆಟ ಶುರು.

ಹತ್ತಿ ಹಾಸಿಗೆಗೆ ಮೇಲ್ಮೈಯಲ್ಲಷ್ಟೇ ಹಿಡಿದಿದ್ದರೆ ಬಿಚ್ಚಿ, ಬಿಸಿಲಿಗೆ ಹಾಕಿ, ಕೆಟ್ಟ ಹತ್ತಿ ತೆಗೆದು ಹಿಂಜಿಸಿ ಹೊಸ ಬಟ್ಟೆ ಹಾಕಿಸಬಹುದು. ಫೋಮ್ ಹಾಸಿಗೆಯ ಒಳಗೆ ಹೋಗಿದ್ದರೆ ಆಗುವುದಿಲ್ಲ. ಉಬ್ಬಿದ ಪಾರ್ಟಿಕಲ್ ಬೋರ್ಡು, ನೆನೆದ ಜಿಪ್ಸಮ್ ಸೀಲಿಂಗು, ಕರಿಯಾದ ತಲೆದಿಂಬು ಇವೂ ಹೊರಗೆ. ಬೂಷ್ಟು ಹಿಡಿದ ಶೇಂಗಾ, ಕೊಬ್ಬರಿ, ಒಣಮೆಣಸಿನಕಾಯಿಯನ್ನು ತೊಳೆದು ಹುರಿದು ಬಳಸುವ ಉಳಿತಾಯ ಬೇಡ, ಅದರಲ್ಲಿ ಸೇರಿರಬಹುದಾದ ಅಫ್ಲಾಟಾಕ್ಸಿನ್ ಅನ್ನುವ ಬೂಷ್ಟಿನ ವಿಷ ಒಲೆಯ ಬಿಸಿಗೆ ಹೋಗುವುದಿಲ್ಲ. ದನಕ್ಕೂ ಹಾಕಬೇಡಿ, ಹಾಲಿಗೆ ಬರುತ್ತದೆ.

ಎಸೆಯುವ ವಸ್ತುವನ್ನು ಕೋಣೆಯೊಳಗೇ ಒಡೆಯಬೇಡಿ, ಕೊಡವಬೇಡಿ, ಫ್ಯಾನ್ ಆರಿಸಿ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕಟ್ಟಿ ಹೊರಗೆ ಸಾಗಿಸಿ. ನಮ್ಮ ವಾರ್ಡ್‌ರೋಬಿನ ಹಿಂದಿನ ಹಲಗೆಯನ್ನು ನಾನು ಮಲಗುವ ಕೋಣೆಯಲ್ಲೇ ಸುತ್ತಿಗೆಯಲ್ಲಿ ಒಡೆದೆ, ಆ ಕರಿ ಪುಡಿ ಪಕ್ಕದ ಕೋಣೆಯ ಹಾಸಿಗೆಯ ತನಕ ಹೋಗಿತ್ತು. ಎರಡು ವಾರ ಮನೆಯವರೆಲ್ಲ ಸೀನಿದರು.